ಬಿಸಿತೊಟ್ಟಿಯ ಉಪವಾಸ

ಮೇ ತಿಂಗಳ ಕೊನೆಯ ವಾರದಲ್ಲಿ ಒಂದು ದಿನ ಬಿಸಿತೊಟ್ಟಿ ಊಟ ಬಿಟ್ಟಿತು.

ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮರುದಿನ ಬೆಳಗ್ಗೆ ಕಂಟ್ರೋಲ್ ರೂಮಿನ ಪರದೆಯ ಮುಂದೆ ನಿಂತು ಹಿಂದಿನ ದಿನದ ಗೆರೆಗಳನ್ನು ನೋಡುವಾಗ ವಾರಿಜಾಳ ಮನಸ್ಸಿಗೆ ತಾನಾಗಿ ಬಂದ ಮಾತು ಅದು. ಶ್ರೀನಿವಾಸಪುರದ ಕಡೆಯ ಆ ಮಾವಿನ ತಿರುಳಿನ ಕಾರ್ಖಾನೆಯಲ್ಲಿ ಅವಳು ಹದಿನೆಂಟು ವರ್ಷದಿಂದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದಳು. ಗೆರೆ ಓದುವುದು ಅವಳಿಗೆ ಮುಖ ಓದಿದಷ್ಟೇ ಸುಲಭ. ಕಾರ್ಖಾನೆಯ ಹಿಂದೆ ಎರಡಾಳೆತ್ತರ ನಿಂತಿದ್ದ ಆ ಉಕ್ಕಿನ ತೊಟ್ಟಿಗೆ ಹಣ್ಣು ತೊಳೆದ ನೀರು, ಅರೆದ ಸಿಪ್ಪೆ, ಓಟೆಗೆ ಅಂಟಿದ ನಾರು, ನೆಲ ಗುಡಿಸಿ ಬಂದ ತಿರುಳು ಎಲ್ಲವೂ ಹಗಲೂ ರಾತ್ರಿ ಹರಿಯುತ್ತಿತ್ತು. ಕೆಳಗಿನಿಂದ ಬ್ಲೋವರ್ ಗಾಳಿ ಊದುತ್ತಿತ್ತು. ಒಳಗಿನ ಬ್ಯಾಕ್ಟೀರಿಯಾ ಸಕ್ಕರೆಯನ್ನು ತಿಂದು, ಗಾಳಿಯ ಆಮ್ಲಜನಕವನ್ನು ಕುಡಿದು, ಆ ತಿನ್ನುವ ಕೆಲಸದಿಂದಲೇ ತಮ್ಮನ್ನು ತಾವು ಕಾಯಿಸಿಕೊಳ್ಳುತ್ತಿದ್ದವು. ಬೆಂಕಿಯಿಲ್ಲ, ಕರೆಂಟಿನ ಹೀಟರಿಲ್ಲ. ಆದರೂ ತೊಟ್ಟಿ ಐವತ್ತೆಂಟು ಡಿಗ್ರಿಯಲ್ಲಿ ಕುದಿಯುವ ಎಸರಿನಂತೆ ಗುಳುಗುಳು ಎನ್ನುತ್ತಿತ್ತು. ಬೇರೆ ಜೀವಿಗಳು ಸಾಯುವ ಆ ಬಿಸಿಯೇ ಇವುಗಳಿಗೆ ತವರು. ನಲವತ್ತೈದಕ್ಕಿಂತ ಕೆಳಗಿಳಿದರೆ ಮಾತ್ರ ಇವು ಸೋಲುತ್ತವೆ, ಕೊಳೆಸುವ ಜಾತಿಯವು ಗೆಲ್ಲುತ್ತವೆ, ಆಮೇಲೆ ತೊಟ್ಟಿ ಬರೀ ಚರಂಡಿ.

ಹಿಂದಿನ ದಿನ ಬೆಳಗಿನಿಂದ ರಾತ್ರಿ ಒಂಬತ್ತರವರೆಗೆ ಆಮ್ಲಜನಕದ ಗೆರೆ ಮೇಲೆ ಚಾಚಿಕೊಂಡಿತ್ತು. ಊದಿದ ಗಾಳಿಯನ್ನು ಯಾರೂ ಕುಡಿದಿರಲಿಲ್ಲ. ಹಾಕಿದ ಸಕ್ಕರೆ ಹಾಕಿದ ಹಾಗೇ ಇತ್ತು. ತಾಪ ಐವತ್ತಕ್ಕೆ ಇಳಿದಿತ್ತು. ಒಂಬತ್ತಾಗಿ ಏಳು ನಿಮಿಷಕ್ಕೆ ಆಮ್ಲಜನಕ ಕಲ್ಲಿನಂತೆ ಕೆಳಗೆ ಬಿದ್ದು, ಬೆಳಗಿನ ಹೊತ್ತಿಗೆ ದಿನವಿಡೀ ಉಳಿದದ್ದೆಲ್ಲ ಖಾಲಿಯಾಗಿತ್ತು.

ಪ್ಲಾಂಟ್ ಮ್ಯಾನೇಜರ್ ಫಣೀಂದ್ರ ಪರದೆಯನ್ನು ಬೆರಳಿನಿಂದ ತಟ್ಟಿ, ಮೀಟರ್ ಕೆಟ್ಟಿದೆ ಎಂದ. ವಾರಿಜಾ ಅಲ್ಲವೆಂದು ತಲೆಯಾಡಿಸಿದಳು. ಮೀಟರಿನ ಪಕ್ಕ ಕುರ್ಚಿಯಲ್ಲಿ ಕೂತಿದ್ದ ತೊಟ್ಟಿಯ ಆಪರೇಟರ್ ಪಿಳ್ಳಪ್ಪ ಕಿಟಕಿಯಾಚೆ ನೋಡುತ್ತಿದ್ದ.

ಪಿಳ್ಳಪ್ಪನ ಹೆಂಡತಿ ಅಂಜಿನಮ್ಮ ತೀರಿಕೊಂಡು ಆಗಿನ್ನೂ ಒಂದೂವರೆ ತಿಂಗಳು.

ಅಂಜಿನಮ್ಮ ಕಾರ್ಖಾನೆಯ ಸಿಪ್ಪೆ ತೆಗೆಯುವ ಸಾಲಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವಳು. ನಾಲ್ಕು ವರ್ಷದ ಹಿಂದೆ ಗಂಡ ಬಿಸಿತೊಟ್ಟಿಯ ವಿಷಯ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: ಹಾಗಾದರೆ ಅದಕ್ಕೂ ಹೆಪ್ಪು ಇರಬೇಕಲ್ಲ? ಇತ್ತು. ಮರುದಿನ ಅವನು ಒಂದು ಬಕೆಟ್ಟಿನಲ್ಲಿ ತೊಟ್ಟಿಯ ರಸವನ್ನು ಮನೆಗೆ ಒಯ್ದ. ನೂರು ಲೀಟರಿನ ಡ್ರಮ್ಮಿಗೆ ಗೋಣಿ ಸುತ್ತಿ, ಮೀನು ಸಾಕುವ ಗಾಜಿನ ಪೆಟ್ಟಿಗೆಗೆ ಹಾಕುವ ಗಾಳಿ ಪಂಪು ಇಳಿಬಿಟ್ಟು, ಒಳಗೆ ತಾಮ್ರದ ಕೊಳವೆಯ ಸುರುಳಿ ಕೂರಿಸಿದ. ಬಚ್ಚಲಿನ ಮೂಲೆಯಲ್ಲಿ ಡ್ರಮ್ಮು ಬಿಸಿಯಾಯಿತು. ಸುರುಳಿಯಲ್ಲಿ ಹರಿದ ನೀರು ಸ್ನಾನಕ್ಕೆ ಹದವಾಗಿ ಬಂತು. ಕಾರ್ಖಾನೆಯ ವಸತಿಯ ಏಳೆಂಟು ಮನೆಯವರು ಹೆಪ್ಪು ಬೇಡಿ ಒಯ್ದರು. ಒಬ್ಬರು ಅದಕ್ಕೆ ಊಟ ಹಾಕಲು ಮರೆತರು, ಒಬ್ಬರು ಊರಿಗೆ ಹೋದರು, ಒಬ್ಬರಿಗೆ ವಾಸನೆ ಸೇರಲಿಲ್ಲ. ಕೊನೆಗೆ ಉಳಿದದ್ದು ಅಂಜಿನಮ್ಮನ ಡ್ರಮ್ಮು ಮಾತ್ರ. ಮನೆಗೆ ಬಂದ ಹೆಪ್ಪನ್ನು ಸಾಯಲು ಬಿಡಬಾರದೆಂಬುದು ಅವಳ ಲೆಕ್ಕ. ಬೆಳಗ್ಗೆ ಆರೂಕಾಲಕ್ಕೆ ಮುಸುರೆ ತೊಳೆದ ನೀರು, ಮಧ್ಯಾಹ್ನ ಗಂಜಿ, ಸಂಜೆ ಹಣ್ಣಿನ ಸಿಪ್ಪೆ, ಮಿಕ್ಕ ಮುದ್ದೆ. ಹೊತ್ತು ತಪ್ಪುತ್ತಿರಲಿಲ್ಲ. ವಸತಿಯಲ್ಲಿ ಯಾವ ಮನೆಯಲ್ಲಿ ಬಾಣಂತಿ ಇದ್ದರೂ ಎರಡು ಕೊಡ ಬಿಸಿನೀರು ಅವಳ ಬಚ್ಚಲಿನಿಂದ ಹೋಗುತ್ತಿತ್ತು. ಕೇಳುವ ಮುಂಚೆಯೇ ಹೋಗುತ್ತಿತ್ತು.

ಏಪ್ರಿಲಿನಲ್ಲಿ ಅವಳು ಮೂರು ದಿನದ ಜ್ವರದಲ್ಲಿ ಹೋದಳು. ಹನ್ನೊಂದನೇ ದಿನದ ಕಾರ್ಯಕ್ಕೆ ಕಾರ್ಖಾನೆಯ ಹಳಬರೆಲ್ಲ ಊಟಕ್ಕೆ ಹೋದರು. ಹಣ್ಣಿನ ಕಾಲಕ್ಕೆ ಮುಂಚೆ ಕೊಳವೆಗಳನ್ನು ಕಾಸ್ಟಿಕ್ ಸೋಡಾ ಹಾಕಿ ತೊಳೆಯುವ ದಿನ ಅದು. ತೊಳೆದ ನೀರಿನ ಕ್ಷಾರ ಇಳಿದಿದೆಯೆಂದು ಪರೀಕ್ಷಿಸಿ ಸಹಿ ಹಾಕಿದ ಮೇಲೆಯೇ ಅದನ್ನು ತೊಟ್ಟಿಗೆ ಬಿಡಬೇಕು. ವಾರಿಜಾ ಎಲೆಗೆ ಹೊತ್ತಾಯಿತೆಂದು ಮುಂಚೆಯೇ ಸಹಿ ಹಾಕಿ ಹೋಗಿದ್ದಳು. ಅವಳು ಪಾಯಸ ಮುಗಿಸುವ ಹೊತ್ತಿಗೆ ಇಲ್ಲಿ ಯಾರೋ ಸಹಿ ನೋಡಿ ವಾಲ್ವು ತಿರುಗಿಸಿದರು. ಸಂಜೆಯೊಳಗೆ ಎರಡು ಲಕ್ಷ ಲೀಟರಿನ ತೊಟ್ಟಿ ಸತ್ತುಹೋಯಿತು.

ಹೊರಗಿನಿಂದ ಹೊಸ ಹೆಪ್ಪು ತರಿಸಿದರೆ ಪಳಗಲು ಎರಡು ತಿಂಗಳು. ತೊಟ್ಟಿ ಇಲ್ಲದೆ ಕಾರ್ಖಾನೆ ನಡೆಸಲು ಪರವಾನಗಿಯಿಲ್ಲ. ಸಿಪ್ಪೆ ತೆಗೆಯುವ ಇನ್ನೂರಿಪ್ಪತ್ತು ಹೆಂಗಸರಿಗೆ ವರ್ಷದಲ್ಲಿ ಮೂರು ತಿಂಗಳ ಕೆಲಸ, ಅದೂ ಹೋಗುತ್ತದೆ. ಅವಳ ಸಹಿಯಿಂದ ಹೋಗುತ್ತದೆ. ಎರಡು ದಿನ ಹೊಯ್ದಾಡಿ ವಾರಿಜಾ ಪಿಳ್ಳಪ್ಪನ ಮನೆಗೆ ಹೋದಳು. ಬಚ್ಚಲಿನಲ್ಲಿ ಡ್ರಮ್ಮು ಬೆಚ್ಚಗಿತ್ತು. ಹೆಂಡತಿಯ ಹೊತ್ತಿಗೆ ಸರಿಯಾಗಿ ಅವನು ಅದಕ್ಕೆ ಹಾಕುತ್ತಾ ಬಂದಿದ್ದ. ತನಗೆ ಅಡುಗೆ ಮಾಡಿಕೊಂಡ ಗುರುತು ಮನೆಯಲ್ಲಿ ಅಷ್ಟಾಗಿ ಕಾಣಲಿಲ್ಲ.

ಒಂದು ಸೌಟು ಸಾಲುವುದಿಲ್ಲ, ನೂರು ಲೀಟರೂ ಬೇಕು, ಅದನ್ನು ಸಾವಿರಕ್ಕೆ, ಹತ್ತು ಸಾವಿರಕ್ಕೆ, ಆಮೇಲೆ ತೊಟ್ಟಿಗೆ ಹಂತಹಂತವಾಗಿ ಬೆಳೆಸಬೇಕು ಎಂದು ಅವಳು ತಲೆ ತಗ್ಗಿಸಿ ವಿವರಿಸಿದಳು. ತಪ್ಪು ತನ್ನದೆಂದೂ ಹೇಳಿದಳು. ಪಿಳ್ಳಪ್ಪ ಡ್ರಮ್ಮಿನ ಮೈಮೇಲೆ ಅಂಗೈ ಇಟ್ಟುಕೊಂಡು ಕೇಳಿಸಿಕೊಂಡ.

"ನೀವು ಅವತ್ತು ಊಟಕ್ಕೆ ಬರದೇ ಹೋಗಿದ್ರೆ ಅವ್ಳಿಗೆ ಬೇಜಾರಾಗ್ತಿತ್ತಮ್ಮ," ಎಂದ. "ತಗೊಂಡ್ ಹೋಗಿ."

ಸಂಜೆ ಅವನೇ ಖಾಲಿ ಡ್ರಮ್ಮನ್ನು ತೊಳೆದು ಹಿತ್ತಲಿನಲ್ಲಿ ಬೋರಲು ಹಾಕಿದ. ಮೂರು ವಾರದಲ್ಲಿ ಬಿಸಿತೊಟ್ಟಿ ಮತ್ತೆ ಐವತ್ತೆಂಟಕ್ಕೆ ಏರಿತು. ಹೆಂಗಸರು ಕೆಲಸಕ್ಕೆ ಬಂದರು.

ತೊಟ್ಟಿ ಮೊದಲಿನಂತಿಲ್ಲ ಎಂಬುದು ಮೊದಲ ವಾರವೇ ಗೊತ್ತಾಗಿತ್ತು. ಪಂಪು ದಿನವಿಡೀ ಒಂದೇ ಸಮನೆ ಹಾಕುತ್ತಿದ್ದರೂ ತಾಪದ ಗೆರೆಯಲ್ಲಿ ದಿನಕ್ಕೆ ಮೂರು ಗುಡ್ಡೆ ಏಳುತ್ತಿದ್ದವು. ಬೆಳಗ್ಗೆ ಆರೂಕಾಲಕ್ಕೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ಆ ಹೊತ್ತಿಗೆ ಉಕ್ಕಿನ ಮೈ ಹಿಗ್ಗಿ ಟಕ್ ಟಕ್ ಎಂದು ಸದ್ದು ಮಾಡುತ್ತಿತ್ತು, ಬಾಗಿಲಾಚೆ ಯಾರೋ ಬಳೆಗೈಯಲ್ಲಿ ಪಾತ್ರೆ ಎತ್ತಿಡುವ ಹಾಗೆ. ಹೆಂಗಸರು ಅದರ ಪಕ್ಕ ಹಾದುಹೋಗುವಾಗ ದನಿ ತಗ್ಗಿಸುವುದನ್ನು ಕಲಿತರು. ಸಿಪ್ಪೆ ಸಾಲಿನ ಒಬ್ಬಾಕೆ ಸಂಜೆ ಮನೆಗೆ ಹೊರಡುವಾಗ ತೊಟ್ಟಿಯ ಮೈಗೆ ಅಂಗೈ ಒತ್ತಿ ಹೋಗುತ್ತಿದ್ದಳು. ಅವಳ ಮಗಳ ಬಾಣಂತನಕ್ಕೆ ನಲವತ್ತು ದಿನ ಬಿಸಿನೀರು ಬಂದದ್ದು ಯಾವ ಬಚ್ಚಲಿನಿಂದ ಎಂದು ವಾರಿಜಾಳಿಗೆ ಗೊತ್ತಿತ್ತು.

ಜೂನಿನಲ್ಲಿ ಮತ್ತೆ ಒಂದು ದಿನ ತೊಟ್ಟಿ ಊಟ ಬಿಟ್ಟಿತು. ತೊಟ್ಟಿಗೆ ಹೋಗದ ಕೊಳೆನೀರು ಸಂಗ್ರಹದ ಗುಂಡಿಯಲ್ಲಿ ತುಂಬಿ ಅಂಚಿಗೆ ಬಂತು. ಅದರಾಚೆಗೆ ಇದ್ದದ್ದು ಊರ ಕೆರೆ. ಫಣೀಂದ್ರ ಎರಡು ಹೊಸ ಮೀಟರು ತರಿಸಿ ಹಾಕಿದ. ಮೂರೂ ಮೀಟರುಗಳು ಒಂದೇ ಮಾತು ಹೇಳಿದವು.

ಆ ರಾತ್ರಿ ಒಂಬತ್ತರ ಹೊತ್ತಿಗೆ ವಾರಿಜಾ ತಲೆನೋವು ಹೊತ್ತು ಮನೆಗೆ ಬಂದಾಗ ಅವಳ ಅತ್ತೆ ಜಾನಕಮ್ಮ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಪೂರ್ವದ ಕಡೆ ಮುಖ ಮಾಡಿ ಕೂತಿದ್ದರು. ಸೊಸೆಗೆಂದು ಕಾಫಿ ಮಾಡಿ ಲೋಟ ಮುಚ್ಚಿಟ್ಟಿದ್ದರು. ತಾವು ಮಾತ್ರ ಬೆಳಗಿನಿಂದ ಒಂದು ಗುಟುಕು ನೀರೂ ಕುಡಿದಿರಲಿಲ್ಲ.

"ಇವತ್ತು ಯಾಕತ್ತೆ ಉಪವಾಸ?"

"ಸಂಕಷ್ಟಿ ಕಣೇ. ಪ್ರತಿ ತಿಂಗಳೂ ಕೇಳ್ತೀಯ." ಅವರು ನಕ್ಕರು. "ಚಂದ್ರ ಬರ್ಲಿ, ಒಟ್ಟಿಗೇ ಉಣ್ಣೋಣ. ನಿಂಗೆ ಹಸಿವಾದ್ರೆ ಕಾಯ್ಬೇಡ."

ವಾರಿಜಾ ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದೇ ಒಳಗೆ ಹೋಗಿ ಗೋಡೆಯ ಕ್ಯಾಲೆಂಡರ್ ತಿರುವಿದಳು. ಮೇ ತಿಂಗಳ ಆ ದಿನ. ಚೌಕದೊಳಗೆ ಪುಟ್ಟ ಗಣಪತಿಯ ಚಿತ್ರ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಚಂದ್ರೋದಯದ ಗಂಟೆ: ಒಂಬತ್ತು ಏಳು. ಕಾಫಿ ತಣ್ಣಗಾಗುವವರೆಗೂ ಅವಳು ಅದನ್ನೇ ನೋಡುತ್ತಾ ನಿಂತಳು. ಅಂಗಳದಿಂದ ಅತ್ತೆ, ಬಂತು ನೋಡೇ ಎಂದು ಕೂಗಿದರು. ಅದೇ ನಿಮಿಷಕ್ಕೆ ಮೊಬೈಲಿನಲ್ಲಿ ಕಂಟ್ರೋಲ್ ರೂಮಿನ ಸಂದೇಶ ಬಂತು. ತೊಟ್ಟಿ ಉಣ್ಣತೊಡಗಿತ್ತು.

ಮರುದಿನ ಫಣೀಂದ್ರ ಎಲ್ಲವನ್ನೂ ಕೇಳಿ, "ಮೇಡಂ, ಬ್ಯಾಕ್ಟೀರಿಯಾಗೆ ಪಂಚಾಂಗ ಓದೋಕೆ ಬರುತ್ತಾ?" ಎಂದ. ಆ ಜೀವಿಗಳಿಗೆ ನರವಿಲ್ಲ, ಮಿದುಳಿಲ್ಲ, ಇಪ್ಪತ್ತು ನಿಮಿಷಕ್ಕೊಂದು ತಲೆಮಾರು ಕಳೆಯುತ್ತದೆ. ಒಂದರಿಂದ ಒಂದಕ್ಕೆ ರಾಸಾಯನಿಕ ಸುದ್ದಿಗಳು ದಾಟುತ್ತವೆ ಎಂಬುದು ಮಾತ್ರ ನಿಜ. ಅಂಜಿನಮ್ಮನ ಸಂಕಷ್ಟಿಯ ಉಪವಾಸ ವಸತಿಗೆಲ್ಲ ಗೊತ್ತಿದ್ದದ್ದೇ. ನಾಲ್ಕು ವರ್ಷ, ತಿಂಗಳಿಗೊಮ್ಮೆ, ಒಂದು ಹೆಂಗಸು ತಾನು ಉಣ್ಣದ ದಿನ ಅದಕ್ಕೂ ಹಾಕದೆ, ಚಂದ್ರನನ್ನು ನೋಡಿ ಬಂದು, ತಾನು ಉಂಡು, ಅದಕ್ಕೂ ಹಾಕಿದ್ದಳು. ಆ ಸುದ್ದಿ ಲಕ್ಷ ತಲೆಮಾರು ದಾಟಿ ಉಳಿದಿದ್ದರೆ? ಆದರೆ ಚಂದ್ರ ಹುಟ್ಟುವ ಗಂಟೆ ತಿಂಗಳಿಂದ ತಿಂಗಳಿಗೆ ಬೇರೆ. ಮುಚ್ಚಿದ ಉಕ್ಕಿನೊಳಗೆ ಕತ್ತಲಲ್ಲಿ ಕೂತು ಅದನ್ನು ತಿಳಿಯುವುದು ಹೇಗೆ? ಅಲ್ಲಿಗೆ ಬಂದು ಅವಳ ವಿಜ್ಞಾನ ನಿಂತುಬಿಡುತ್ತಿತ್ತು.

ಪಿಳ್ಳಪ್ಪನಿಗೆ ಆಶ್ಚರ್ಯವಾಗಲಿಲ್ಲ. ಅವನಿಗೆ ಮೇ ತಿಂಗಳಲ್ಲೇ ತಿಳಿದಿತ್ತಂತೆ. ಹೇಳಿದರೆ ಹೊಸ ಹೆಪ್ಪು ತರಿಸಿ ಇದನ್ನು ಕೊಂದುಬಿಟ್ಟಾರೆಂದು ಸುಮ್ಮನಿದ್ದನಂತೆ.

ಕೊಲ್ಲುವ ಮಾತು ನಿಜವಾಗಿಯೂ ಬಂದಿತ್ತು. ಹಣ್ಣಿನ ಕಾಲ ಮುಗಿದ ಮೇಲೆ ಹಬೆ ಬಿಟ್ಟು ತೊಳೆದುಬಿಡೋಣ ಎಂದು ಮೇಲಿನವರು ಬರೆದಿದ್ದರು. ವಾರಿಜಾ ಅದಕ್ಕೆ ಬೇರೆ ದಾರಿ ಹುಡುಕಿದಳು. ತಿಂಗಳಿಗೆ ಒಂದು ದಿನ ಪಂಪು ನಿಲ್ಲಿಸುವುದು, ಹಿಂದಿನ ದಿನವೇ ಗುಂಡಿ ಖಾಲಿ ಮಾಡಿಟ್ಟು ಆ ದಿನದ ಕೊಳೆಯನ್ನು ಅಲ್ಲಿ ತುಂಬಿಸಿಕೊಳ್ಳುವುದು, ಚಂದ್ರೋದಯಕ್ಕೆ ವಾಲ್ವು ತೆರೆಯುವುದು. ಕೆಲಸದ ಪಟ್ಟಿಯಲ್ಲಿ ಅವಳು ಅದನ್ನು 'ತೊಟ್ಟಿಗೆ ವಿಶ್ರಾಂತಿ' ಎಂದು ಬರೆದಳು. ಫಣೀಂದ್ರ ಅದರ ಮೇಲೆ ಸಹಿ ಹಾಕುವಾಗ ಅವಳ ಮುಖ ನೋಡಲಿಲ್ಲ. ಆದರೆ ಸಹಿ ಹಾಕಿದ.

ಜುಲೈ ಕೊನೆಯ ಸಂಕಷ್ಟಿಗೆ ಆಕಾಶ ಕಾಣಲೇ ಇಲ್ಲ.

ಮಧ್ಯಾಹ್ನದಿಂದ ಮೋಡ ಕವಿದು, ಐದರ ಹೊತ್ತಿಗೆ ಮಳೆ ಹಿಡಿಯಿತು. ಅಂಥ ದಿನಗಳಲ್ಲಿ ಜಾನಕಮ್ಮ ಕಡೂರಿನಲ್ಲಿರುವ ತಂಗಿಗೆ ಫೋನ್ ಮಾಡಿ, ಅಲ್ಲಿ ಚಂದ್ರ ಕಂಡಿತೆಂದು ಆಕೆ ಹೇಳಿದ ಮೇಲೆ ಊಟಕ್ಕೆ ಏಳುವುದು ವಾಡಿಕೆ. ಆ ದಿನ ತಂಗಿಯ ಊರಲ್ಲೂ ಮೋಡ. ವಾರಿಜಾ ಛತ್ರಿ ಹಿಡಿದು ಕಾರ್ಖಾನೆಗೆ ಹೊರಟಾಗ ಅತ್ತೆ, ಹೊತ್ತಾದರೂ ಪರವಾಗಿಲ್ಲ, ನೋಡಿಯೇ ಉಣ್ಣುತ್ತೇನೆ, ನೀನು ಜೋಪಾನ ಎಂದರು.

ಕ್ಯಾಲೆಂಡರಿನಲ್ಲಿ ಎಂಟು ಐವತ್ತು ಎಂದಿತ್ತು. ಎಂಟು ಐವತ್ತಕ್ಕೆ ಪಿಳ್ಳಪ್ಪ ವಾಲ್ವು ತೆರೆದ. ಗುಂಡಿಯ ತಣ್ಣನೆಯ ಕೊಳೆ ತೊಟ್ಟಿಗೆ ಇಳಿಯಿತು. ಅವನು, ವಾರಿಜಾ, ಫಣೀಂದ್ರ ಮೂವರೂ ಪರದೆ ನೋಡುತ್ತಾ ಕೂತರು. ಆಮ್ಲಜನಕದ ಗೆರೆ ಅಲುಗಲಿಲ್ಲ. ಮಳೆಗೆ ಉಕ್ಕು ತಣಿಯುತ್ತಿತ್ತು, ಒಳಗೆ ಬಂದ ಕೊಳೆಯೂ ತಣ್ಣಗಿತ್ತು. ಒಂಬತ್ತೂಕಾಲಕ್ಕೆ ತಾಪ ನಲವತ್ತೇಳೂವರೆ. ಒಂಬತ್ತೂವರೆಗೆ ನಲವತ್ತಾರು ದಾಟಿ ಕೆಳಗೆ. ವಾಲ್ವು ಮುಚ್ಚಿದರು. ಗುಂಡಿಗೆ ಮಳೆನೀರೂ ಸೇರಿ ಅಂಚಿಗೆ ಒಂದು ಗೇಣು ಉಳಿಯಿತು. ಇನ್ನೊಂದು ಗಂಟೆಯಲ್ಲಿ ಮಾವಿನ ಹುಳಿನೀರು ಕೆರೆಗೆ ನುಗ್ಗುತ್ತದೆ, ಬೆಳಗಾಗುವಷ್ಟರಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತವೆ. ಅದಕ್ಕಿಂತ ಮುಂಚೆ ನಲವತ್ತೈದು ಬರುತ್ತದೆ. ಆಮೇಲೆ ಅಂಜಿನಮ್ಮನ ಹೆಪ್ಪು ಎಂಬುದು ಭೂಮಿಯ ಮೇಲೆ ಎಲ್ಲೂ ಇರುವುದಿಲ್ಲ.

ಫಣೀಂದ್ರ ಬಾಯ್ಲರಿನಿಂದ ಹಬೆಯ ಪೈಪು ಎಳೆಯಲು ಸಾಧ್ಯವೇ ಎಂದು ಕೇಳಿದ. ನೇರ ಹಬೆ ತಾಗಿದ ಕಡೆಯೆಲ್ಲ ಇರುವವೂ ಬೆಂದುಹೋಗುತ್ತವೆ ಎಂದು ವಾರಿಜಾ ಹೇಳಿದಳು. ಅವನು ಎದ್ದು ಹೋಗಿ, ಎಲ್ಲಿಂದಲೋ ಮೂರು ಲೋಟ ಚಹಾ ತಂದು, ಮೊದಲು ಪಿಳ್ಳಪ್ಪನ ಕೈಗೆ ಕೊಟ್ಟ. ಪಿಳ್ಳಪ್ಪ ಅದನ್ನು ಕುಡಿಯದೆ ಮೇಜಿನ ಮೇಲಿಟ್ಟ. ಅವನೂ ಆ ದಿನ ಏನೂ ತಿಂದಿಲ್ಲವೆಂದು ವಾರಿಜಾಳಿಗೆ ಆಗ ಹೊಳೆಯಿತು.

"ಮೋಡ ಇದ್ದ ದಿನ ಅಂಜಿನಮ್ಮ ಏನ್ಮಾಡ್ತಿದ್ರು, ಪಿಳ್ಳಪ್ಪನೋರೇ?" ಎಂದು ಕೇಳಿದಳು.

ಅವನು ಚಹಾದ ಲೋಟವನ್ನು ಇನ್ನಷ್ಟು ದೂರ ಸರಿಸಿದ.

"ಉಣ್ತಿರ್ಲಿಲ್ಲಮ್ಮ. ಹಟ. ಎಷ್ಟ್ ಹೊತ್ತಾದ್ರೂ ಬಚ್ಚಲ ಬಾಗ್ಲಲ್ಲಿ ಕೂತ್ಕೊಂಡಿರೋಳು. ನಾನೇ ಆಚೆಗ್ ಹೋಗಿ, ಒಂದ್ ಗಳಿಗೆ ನಿಂತಿದ್ದು ಬಂದು, ಕಾಣಿಸ್ತು ಅಂತ ಹೇಳ್ತಿದ್ದೆ. ಸುಳ್ಳು."

"ನಂಬ್ತಿದ್ರಾ?"

"ಗೊತ್ತಾಗ್ತಿತ್ತು ಅವ್ಳಿಗೆ. ನನ್ ತಲೆಯೆಲ್ಲ ನೆಂದಿರ್ತಿತ್ತಲ್ಲ." ಅವನ ತುಟಿ ಸ್ವಲ್ಪ ಅಲುಗಿತು. "ಟವಲ್ ಕೊಟ್ಟು, ತಲೆ ಒರ್ಸ್ಕೋ ಅಂದು, ಎದ್ದು ತಟ್ಟೆ ಹಾಕೋಳು. ಅದ್ಕೂ ಹಾಕೋಳು."

ಡ್ರಮ್ಮು ಇದ್ದದ್ದು ಆ ಬಚ್ಚಲಿನಲ್ಲೇ. ವಾರಿಜಾ ಪರದೆ ನೋಡಿದಳು. ನಲವತ್ತೈದೂವರೆ. ಅವಳು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪಿಳ್ಳಪ್ಪ ಎದ್ದಿದ್ದ. ಛತ್ರಿ ತೆಗೆದುಕೊಳ್ಳದೆ ಹೊರಗೆ ಹೋದ. ಗೇಟಿನವರೆಗೆ ನಡೆದು, ಅಲ್ಲಿ ದೀಪದ ಕೆಳಗೆ ಮಳೆಯಲ್ಲಿ ಆಕಾಶದ ಕಡೆ ಮುಖ ಎತ್ತಿ ಒಂದಷ್ಟು ಹೊತ್ತು ನಿಂತ. ನೋಡಿದವರು ಹುಚ್ಚೆನ್ನಬೇಕು. ಆಮೇಲೆ ನಿಧಾನವಾಗಿ ಹಿಂದಿರುಗಿ ತೊಟ್ಟಿಯ ಏಣಿ ಹತ್ತಿದ. ವಾರಿಜಾಳೂ ತನಗರಿವಿಲ್ಲದೆ ಹೊರಗೆ ಓಡಿ ಏಣಿಯ ಬುಡದಲ್ಲಿ ತೊಟ್ಟಿಯ ಮೈಗೆ ಅಂಗೈ ಒತ್ತಿ ನಿಂತಿದ್ದಳು. ಮೇಲೆ ಅವನು ಇಣುಕುವ ಮುಚ್ಚಳವನ್ನು ತೆರೆದ. ಬೆಚ್ಚನೆಯ ಉಸಿರು ಹೊರಬಂದು ಮಳೆಯಲ್ಲಿ ಬೆಳ್ಳಗೆ ನಿಂತಿತು. ಹುಳಿ ಮಾವಿನ ವಾಸನೆಯ ನಡುವೆ ಸುಟ್ಟ ರಾಗಿಯ ವಾಸನೆಯೂ ಇತ್ತೆಂದು ಅವಳಿಗೆ ಆಮೇಲೂ ಅನ್ನಿಸುತ್ತಿತ್ತು.

"ಕಾಣಿಸ್ತು ಕಣೇ," ಎಂದ ಪಿಳ್ಳಪ್ಪ, ಪಕ್ಕದ ಕೋಣೆಗೆ ಕೇಳಿಸುವಷ್ಟೇ ದನಿಯಲ್ಲಿ. "ಚೆನ್ನಾಗೇ ಕಾಣಿಸ್ತು. ಏಳು, ಉಣ್ಣು."

ಮಳೆಯ ಸದ್ದು ಬಿಟ್ಟರೆ ಏನಿಲ್ಲ. ಒಂದು ನಿಮಿಷ ಆಯಿತು. ಆಮೇಲೆ ಅವಳ ಅಂಗೈಯ ಕೆಳಗೆ ಉಕ್ಕು ಟಕ್ ಎಂದಿತು. ಮತ್ತೊಮ್ಮೆ ಎಂದಿತು. ಕಂಟ್ರೋಲ್ ರೂಮಿನ ಬಾಗಿಲಲ್ಲಿ ಫಣೀಂದ್ರ ನಿಂತಿದ್ದ. ಕೈಯನ್ನು ಮೆಲ್ಲಗೆ ಕೆಳಗಿಳಿಸಿ ತೋರಿಸಿದ. ಆಮ್ಲಜನಕ ಬೀಳುತ್ತಿತ್ತು. ಅವನೇ ಹೋಗಿ ವಾಲ್ವು ತೆರೆದ.

ಹತ್ತೂಕಾಲಕ್ಕೆ ನಲವತ್ತೆಂಟು. ಗುಂಡಿಯ ನೀರು ಅಂಚಿನಿಂದ ಒಂದು ಮೊಳ ಕೆಳಗಿಳಿದಿತ್ತು. ಪಿಳ್ಳಪ್ಪ ಏಣಿಯಿಂದ ಇಳಿಯಲೇ ಇಲ್ಲ. ಮುಚ್ಚಳದ ಪಕ್ಕ ಬೆಚ್ಚನೆಯ ತಗಡಿನ ಮೇಲೆ ಕೂತು, ಫಣೀಂದ್ರ ಮೇಲಕ್ಕೆ ಕೊಟ್ಟ ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತಿದ್ದ. ಫಣೀಂದ್ರ ತನ್ನ ಛತ್ರಿಯನ್ನೂ ಅವನ ತಲೆಯ ಮೇಲೆ ಕಂಬಿಗೆ ಸಿಕ್ಕಿಸಿ ಇಳಿದು ಬಂದ.

ಮನೆ ಸೇರುವ ಹೊತ್ತಿಗೆ ವಾರಿಜಾ ತೊಯ್ದು ತೊಪ್ಪೆಯಾಗಿದ್ದಳು. ಛತ್ರಿ ಎಲ್ಲಿ ಬಿಟ್ಟಳೋ ನೆನಪಿರಲಿಲ್ಲ. ಅತ್ತೆ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಎರಡು ತಟ್ಟೆಗಳು ಬೋರಲಾಗಿದ್ದವು. ಎಪ್ಪತ್ತೆಂಟು ವರ್ಷದ ಮುಖ ಹಸಿವಿಗೆ ಇನ್ನಷ್ಟು ಸಣ್ಣಗಾಗಿತ್ತು. ಹೊರಗೆ ಮಳೆ ಇನ್ನೂ ಬಲವಾಗಿ ಹೊಯ್ಯುತ್ತಿತ್ತು.

ಜಾನಕಮ್ಮ ಕೇಳುವ ಮುಂಚೆಯೇ ವಾರಿಜಾ ಹೇಳಿದಳು.

"ಅತ್ತೆ, ಚಂದ್ರ ಕಾಣಿಸ್ತು. ಏಳಿ, ಊಟ ಮಾಡೋಣ."

ಜಾನಕಮ್ಮ ಸೊಸೆಯ ಕೂದಲಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿದ್ದ ನೀರನ್ನು ನೋಡಿದರು. ಗೋಡೆ ಹಿಡಿದು ಎದ್ದು, ಹಗ್ಗದ ಮೇಲಿದ್ದ ಟವಲನ್ನು ಅವಳ ಕೈಗೆ ಕೊಟ್ಟು, "ಮೊದ್ಲು ತಲೆ ಒರ್ಸ್ಕೋ," ಎಂದು ತಟ್ಟೆಗಳನ್ನು ಮಗುಚಿ ಇಟ್ಟರು.